ಒಂದು ಮನೆ, ಮೂರು ವಿಳಾಸ

ನಾನು ಮನೆ ಓನರ್. ಬೆಂಗಳೂರಿನಲ್ಲಿ ಈ ಮಾತು ಆಡಿದ ಕೂಡಲೇ ಎದುರಿಗಿದ್ದವರ ಮುಖದಲ್ಲಿ ಒಂದಿಷ್ಟು ಗೌರವ, ಅದಕ್ಕಿಂತ ತುಸು ಹೆಚ್ಚಾಗಿಯೇ ಸಿಟ್ಟು ಕಾಣಿಸಿಕೊಳ್ಳುತ್ತದೆ. ಎರಡಕ್ಕೂ ನಾನು ಲಾಯಕ್ಕಲ್ಲ. ಮರ್ಫಿ ಟೌನಿನಲ್ಲಿ ಅಪ್ಪ ಬಿಟ್ಟುಹೋದ ಕೆಳಮನೆ, ಅದರ ನೆತ್ತಿಯ ಮೇಲೆ ನಾನು ಪಿ.ಎಫ್. ದುಡ್ಡಿನಲ್ಲಿ ಕಟ್ಟಿಸಿದ ಮೇಲ್ಮನೆ, ಇಷ್ಟೇ ನನ್ನ ಸಾಮ್ರಾಜ್ಯ. ಮೇಲ್ಮನೆಯಲ್ಲಿ ಒಂದು ಹಾಲು, ಒಂದು ರೂಮು, ಒಬ್ಬರು ಒಗ್ಗರಣೆ ಹಾಕುತ್ತಿದ್ದರೆ ಇನ್ನೊಬ್ಬರು ಬಾಗಿಲಲ್ಲೇ ನಿಂತು ವಾಸನೆ ಕುಡಿಯಬೇಕಾದ ಅಡುಗೆಮನೆ. ಹತ್ತುವ ಮೆಟ್ಟಿಲು ಎರಡೂವರೆ ಅಡಿ ಅಗಲ. ಮಂಚವನ್ನು ಬಿಚ್ಚಿ ಹತ್ತಿಸಬೇಕು. ಫ್ರಿಜ್ಜನ್ನು ಬಿಚ್ಚಲಾಗದ ಕಾರಣ ಹಗ್ಗ ಕಟ್ಟಿ ಬೀದಿಯಿಂದ ಎಳೆಯಬೇಕು. ಆ ಹೊತ್ತಿಗೆ ಬೀದಿಯ ಅರ್ಧ ಜನ ಹಗ್ಗ ಹಿಡಿಯುತ್ತಾರೆ, ಮಿಕ್ಕರ್ಧ ಸಲಹೆ ಕೊಡುತ್ತಾರೆ.

ಪಿಂಚಣಿ ಇಲ್ಲದ ನನಗೆ ಆ ಮೇಲ್ಮನೆಯೇ ಪಿಂಚಣಿ. ಆರು ವರ್ಷ ಅದು ತಿಂಗಳು ತಿಂಗಳು ತಪ್ಪದೆ ಬಂತು. ಎಂಟೂವರೆ ಸಾವಿರದಿಂದ ಶುರುವಾಗಿ ವರ್ಷಕ್ಕೆ ಐದೈದು ಪರ್ಸೆಂಟ್ ಏರಿ ಹನ್ನೊಂದೂವರೆಯ ಹತ್ತಿರ ಬಂದ ಹೊತ್ತಿಗೆ ಬಾಡಿಗೆಯವರು ಕೆ.ಆರ್. ಪುರದ ಕಡೆ ಸ್ವಂತ ಫ್ಲ್ಯಾಟ್ ಕೊಂಡರು. ಸ್ವೀಟ್ ಬಾಕ್ಸ್ ಕೊಟ್ಟು, "ಅಡ್ವಾನ್ಸ್ ಯಾವಾಗ ಸಾರ್?" ಎಂದರು. ಸ್ವೀಟು ಗಂಟಲಲ್ಲೇ ನಿಂತಿತು.

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿನ ಗುಟ್ಟು ಓನರುಗಳಿಗೆ ಮಾತ್ರ ಗೊತ್ತು. ಕರಾರು ಪತ್ರದಲ್ಲಿ ಅದು ಠೇವಣಿ. ವಾಸ್ತವದಲ್ಲಿ ಅದು ಬಂದ ವರ್ಷವೇ ಸಂಪಾಗಿಯೋ ಬೋರ್‌ವೆಲ್ಲಾಗಿಯೋ ಅವತಾರ ಎತ್ತಿರುತ್ತದೆ. ನನ್ನಲ್ಲಿದ್ದ ಎಂಬತ್ತೈದು ಸಾವಿರ ಎರಡು ವರ್ಷದ ಹಿಂದೆ ಮಗಳ ಮದುವೆಯ ಊಟದಲ್ಲಿ ಹೋಳಿಗೆಯಾಗಿ ಬಡಿಸಿಹೋಗಿತ್ತು. ಹಳಬರ ಅಡ್ವಾನ್ಸನ್ನು ಹೊಸಬರ ಅಡ್ವಾನ್ಸಿನಿಂದ ತೀರಿಸುವುದು ಇಲ್ಲಿನ ಸಂಪ್ರದಾಯ. ಹಾಗಾಗಿ ಹೊಸಬರು ಬೇಗ ಬೇಕಿತ್ತು. ಬೇಗ ಬೇಕೆಂದಾಗ ಬರುವವನೇ ಬ್ರೋಕರ್.

ಅವನ ಹೆಸರು ಬೇಡ, ಬೀದಿಯವರೆಲ್ಲ ಕರೆಯುವಂತೆ ಬ್ರೋಕರಣ್ಣ ಎಂದರೆ ಸಾಕು. ಬೇಕರಿ ಮುಂದೆ ನಿಲ್ಲಿಸಿದ ಸ್ಕೂಟರೇ ಅವನ ಆಫೀಸು. ಸೀಟು ಎತ್ತಿದರೆ ಎರಡು ಡಜನ್ ಮನೆಗಳ ಬೀಗದ ಕೈ, ಒಂದೊಂದಕ್ಕೂ ಒಂದೊಂದು ಬಣ್ಣದ ದಾರ. ನಮ್ಮ ಮನೆಯ ಬೀಗದ ಕೈ ಇಸಿದುಕೊಂಡವನೇ, ಹೋಟೆಲ್ ಮಾಣಿ ಖಾಲಿಯೋ ಸೆಟ್ಟೋ ಮಸಾಲೆಯೋ ಎಂದು ದೋಸೆಗೆ ಆರ್ಡರ್ ತೆಗೆದುಕೊಳ್ಳುವ ಧಾಟಿಯಲ್ಲಿ ಕೇಳಿದ:

"ಸಾರ್, ಮರ್ಫಿ ಟೌನ್ ಅಂದ್ರೆ ಹದಿನಾಲ್ಕು. ಹಲಸೂರು ಅಂದ್ರೆ ಹದಿನೇಳು. ಇಂದಿರಾನಗರಕ್ಕೆ ಅಂಟ್ಕೊಂಡಂಗಿದೆ ಅಂದ್ರೆ ಇಪ್ಪತ್ತು. ಯಾವ್ದಕ್ಕೆ ಹಾಕ್ಲಿ?"

"ಮನೆ ಒಂದೇ ಅಲ್ವೇನಪ್ಪಾ?"

"ಮನೆ ಯಾರು ಸಾರ್ ಕೇಳ್ತಾರೆ? ಏರಿಯಾ ಕೇಳ್ತಾರೆ."

ನನಗೆ ರೇಗಿತು. ಹುಟ್ಟಿ ಬೆಳೆದ ಜಾಗಕ್ಕೆ ಎದುರಿಗೇ ಮೂರು ಸಾವಿರ, ಆರು ಸಾವಿರ ಕಮ್ಮಿ ಎಂದರೆ ಯಾರಿಗೆ ರೇಗುವುದಿಲ್ಲ? ಅವನನ್ನು ಕಟ್ಟೆಯ ಮೇಲೆ ಕೂರಿಸಿ ಇತಿಹಾಸದ ಪಾಠ ಶುರು ಮಾಡಿದೆ. "ಈ ಜಾಗಕ್ಕೆ ಮುಂಚೆ ನಾಕ್ಸ್‌ಪೇಟೆ ಅಂತಿದ್ರು. 1920ರ ದಶಕದಲ್ಲಿ, ಬ್ರಿಟಿಷರ ಕಾಲದಲ್ಲಿ, ದುಡಿಯೋ ಜನಕ್ಕೆ ಅಂತ ಪ್ಲಾನ್ ಹಾಕಿ ಕಟ್ಟಿದ ಬಡಾವಣೆ ಕಣಯ್ಯಾ ಇದು. ಮರ್ಫಿ ಅಂದ್ರೆ ಕಂಟೋನ್ಮೆಂಟಿನ ಇಂಜಿನಿಯರ್ರು. ಆಗ ಇಂದಿರಾನಗರ ಎಲ್ಲಿತ್ತು? ಅದು ಬಿಡಿಎ ಮಾಡಿದ ಲೇಔಟು, ಇಂದಿರಾ ಗಾಂಧಿ ಹೆಸರು. ನಮ್ಮ ಬೀದಿ ಅದಕ್ಕಿಂತ ಅರ್ಧ ಶತಮಾನ ಹಳೇದು. ವಯಸ್ಸಿಗಾದ್ರೂ ಮರ್ಯಾದೆ ಬೇಡ್ವಾ?"

ಬ್ರೋಕರಣ್ಣ ಭಕ್ತಿಯಿಂದ ಕೇಳಿಸಿಕೊಂಡ. ಕೊನೆಗೆ, "ಅಂದ್ರೆ ಈಗಾಗ್ಲೇ ಒಂದ್ಸಲ ಹೆಸರು ಚೇಂಜ್ ಆಗಿದೆ. ಆವಾಗ ಬಾಡಿಗೆ ಎಷ್ಟು ಏರ್ತು ಸಾರ್?" ಎಂದ.

ನನ್ನ ಹತ್ತಿರ ಉತ್ತರವಿರಲಿಲ್ಲ. ಇಬ್ಬರೂ ಹದಿನೇಳಕ್ಕೆ ರಾಜಿಯಾದೆವು. ಹಲಸೂರು ಎಂದರೆ ಪೂರ್ತಿ ಸುಳ್ಳಂತೂ ಅಲ್ಲ, ಪಿನ್‌ಕೋಡು ಅದೇ, 560008. ಇಂದಿರಾನಗರದ 560038 ನನ್ನ ಮನಸ್ಸಾಕ್ಷಿಗೆ ಮೂವತ್ತು ಅಂಚೆ ಕಚೇರಿಗಳಷ್ಟು ದೂರ. ಆದರೆ, "ಮೆಟ್ರೋಗೆ ಐದೇ ನಿಮಿಷ ಅಂತ ಹಾಕ್ತೀನಿ" ಎಂದನಲ್ಲ, ಅದನ್ನು ಪರೀಕ್ಷಿಸಲು ಮರುದಿನ ಬೆಳಿಗ್ಗೆ ನಾನೇ ವಾಚು ಕಟ್ಟಿಕೊಂಡು ಹಲಸೂರು ಸ್ಟೇಷನ್ನಿಗೆ ನಡೆದೆ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ಮೊದಲ ರೈಲು ಓಡಿದಾಗಲೂ ಹೀಗೇ ನಡೆದುಹೋಗಿ ಹತ್ತಿದವನು ನಾನು. ಆಗ ಕಾಲು ಗಟ್ಟಿಯಿತ್ತು. ಈ ಸಲ ಹದಿಮೂರು ನಿಮಿಷವಾಯಿತು. ವರದಿ ಒಪ್ಪಿಸಿದೆ.

"ಸಾರ್, ನಿಮ್ಮ ಮಂಡಿ ನೋವನ್ನೆಲ್ಲ ಬಾಡಿಗೆಗೆ ಸೇರಿಸ್ಬೇಡಿ" ಎಂದ.

ಹತ್ತು ದಿನ ಕಳೆಯಿತು. ಒಂದು ಸಂಜೆ ಅಕ್ಕನ ಮಗ ಫೋನಿಗೆ ಒಂದು ಜಾಹೀರಾತು ಕಳಿಸಿದ: "ಮಾವ, ನಿಮ್ಮ ಕಡೆ ರೇಟ್ ಹೆಂಗಿದೆ ನೋಡಿ." ನೋಡಿದೆ. ಇಂದಿರಾನಗರ. ಸೆಮಿ ಫರ್ನಿಶ್ಡ್. ಪ್ರೈವೇಟ್ ಟೆರೇಸ್. ದಿನವಿಡೀ ಕಾವೇರಿ ನೀರು. ಬಾಡಿಗೆ 20,000. ಫೋಟೋದಲ್ಲಿ ಹಾಲು ಕಲ್ಯಾಣ ಮಂಟಪದಷ್ಟಿತ್ತು. ಎಂಥ ಗಾಳಿ, ಎಂಥ ಬೆಳಕು! ಇಂಥ ಮನೆ ಸಿಕ್ಕಿದ್ದರೆ ನಾನೇ ಬಾಡಿಗೆಗೆ ಹೋಗುತ್ತಿದ್ದೆನಲ್ಲಾ ಎಂದುಕೊಂಡು ಫೋಟೋ ದೊಡ್ಡದು ಮಾಡಿದರೆ, ಟೆರೇಸಿನ ಮೂಲೆಯಲ್ಲಿ ಹಳೇ ಸೀರೆಯ ಮೇಲೆ ಸಂಡಿಗೆ ಒಣಗುತ್ತಿತ್ತು. ಆ ಸೀರೆ ನನ್ನ ಹೆಂಡತಿಯದು. ಸಂಡಿಗೆಯೂ ಅವಳದೇ.

ಸೆಮಿ ಫರ್ನಿಶ್ಡ್ ಎಂದರೆ ಹಳೇ ಬಾಡಿಗೆಯವರು ಬಿಟ್ಟುಹೋದ ಒಂದು ಟ್ಯೂಬ್‌ಲೈಟು, ಗೋಡೆಯಲ್ಲಿ ಮೂರು ಮೊಳೆ. ಪ್ರೈವೇಟ್ ಟೆರೇಸ್ ಎಂದರೆ ನಮ್ಮ ಸಿಂಟೆಕ್ಸ್ ಟ್ಯಾಂಕಿನ ಪಕ್ಕ ಇಬ್ಬರು ಅಡ್ಡಡ್ಡ ನಿಲ್ಲುವ ಜಾಗ. ದಿನವಿಡೀ ಬರುವ ಕಾವೇರಿ ನಮ್ಮ ಬೀದಿಗೆ ಬರುವುದು ದಿನ ಬಿಟ್ಟು ದಿನ, ಅದೂ ಅವಳ ಮನಸ್ಸು ಬಂದಾಗ.

ಸೀದಾ ಬೇಕರಿಗೆ ಹೋದೆ. ಹೋಗುವಾಗ ದಾರಿಯುದ್ದಕ್ಕೂ ಕಾನೂನು ನೆನಪು ಮಾಡಿಕೊಂಡೆ. ನಮ್ಮ ರಾಜ್ಯದ ಬಾಡಿಗೆ ಕಾಯ್ದೆ 1999ರದು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆ ಅದರ ಹಿಡಿತಕ್ಕೆ ಬರುವುದಿಲ್ಲ. 3,500ಕ್ಕೆ ಇವತ್ತು ಈ ಊರಿನಲ್ಲಿ ಸ್ಕೂಟರ್ ನಿಲ್ಲಿಸಲು ಶೆಡ್ಡು ಸಿಕ್ಕರೆ ಪುಣ್ಯ. ಅಂದರೆ ಓನರಿಗಾಗಲಿ ಬಾಡಿಗೆಯವರಿಗಾಗಲಿ ಆ ಕಾಯ್ದೆ ದೂರದ ನೆಂಟ, ಮದುವೆ ಮನೆಯಲ್ಲಿ ಕಂಡರೂ ಮಾತಾಡಿಸುವುದಿಲ್ಲ. ಆದರೆ ದಲ್ಲಾಳಿಗಳು ನೋಂದಣಿ ಮಾಡಿಸಿಕೊಳ್ಳಬೇಕು ಎಂಬ ಮಾತೂ ಅದರಲ್ಲಿದೆ. ಅದನ್ನೇ ಅಸ್ತ್ರ ಮಾಡಿಕೊಂಡೆ.

"ನೀನು ರಿಜಿಸ್ಟರ್ ಆಗಿದ್ದೀಯೇನಯ್ಯಾ?"

"ಆಗಿದ್ದೀನಿ ಸಾರ್. ಹದಿನೆಂಟು ವಾಟ್ಸಾಪ್ ಗ್ರೂಪಲ್ಲಿ."

"ತಮಾಷೆ ಸಾಕು. ಹದಿನೇಳು ಅಂತ ಮಾತಾಗಿತ್ತು. ಇಪ್ಪತ್ತು ಯಾಕೆ ಹಾಕ್ದೆ? ಅದಿರ್ಲಿ, ಇಂದಿರಾನಗರ ಅಂತ ಯಾಕೆ ಸುಳ್ಳು ಹೇಳ್ದೆ? ನನ್ನ ಮನೆ ಅಡ್ರೆಸ್ಸಿನ ಬಗ್ಗೆ ನಾನು ಯಾವತ್ತಾದ್ರೂ ಸುಳ್ಳು ಹೇಳಿದ್ದೀನಾ?"

ಬೇಕರಿ ಮುಂದೆ ನಿಂತವರೆಲ್ಲ ನಮ್ಮ ಕಡೆ ತಿರುಗಿದರು. ಬ್ರೋಕರಣ್ಣ ಟೀ ಲೋಟ ಕೆಳಗಿಟ್ಟ. ದನಿ ಎತ್ತರಿಸಲಿಲ್ಲ. ನಾಲ್ಕು ಜನಕ್ಕೆ ಕೇಳುವಷ್ಟೇ ಮೆತ್ತಗೆ ಹೇಳಿದ:

"ಸಾರ್, ಮಗಳ ಮದುವೆ ಕಾರ್ಡಲ್ಲಿ ಏನಂತ ಪ್ರಿಂಟ್ ಹಾಕ್ಸಿದ್ರಿ?"

ಅವನನ್ನು ಮದುವೆಗೆ ಕರೆದದ್ದೇ ತಪ್ಪಾಯಿತು. ಕಾರ್ಡಿನಲ್ಲಿ ನಮ್ಮ ಮನೆ ಇಂದಿರಾನಗರದಲ್ಲಿತ್ತು. ಬೀಗರು ಮೈಸೂರಿನವರು, ಅವರಿಗೆ ಬೆಂಗಳೂರಿನಲ್ಲಿ ಗೊತ್ತಿದ್ದದ್ದು ನಾಲ್ಕೇ ಬಡಾವಣೆ, ಅದರಲ್ಲೊಂದು ಇದು ಎಂದು ಹೆಂಡತಿಗೆ ಆಗ ಸಮಜಾಯಿಷಿ ಕೊಟ್ಟಿದ್ದೆ. ಇಷ್ಟಕ್ಕೇ ಮುಗಿದರೆ ಚೆನ್ನಿತ್ತು. 2008ರಲ್ಲಿ ಪಾಲಿಕೆ ಬೀದಿಗಳನ್ನೆಲ್ಲ ಎಯಿಂದ ಎಫ್‌ವರೆಗೆ ವಲಯ ಮಾಡಿ, ನಿಮ್ಮ ತೆರಿಗೆ ನೀವೇ ಲೆಕ್ಕ ಹಾಕಿ ಎಂದು ಫಾರಂ ಕೊಟ್ಟಿತಲ್ಲ, ಆಗ ಸಾಲಿನಲ್ಲಿ ನನ್ನ ಹಿಂದೆ ಇದ್ದವನೂ ಇದೇ ಬ್ರೋಕರಣ್ಣ. ಕೌಂಟರಿನ ಮುಂದೆ ನಾನು, "ಸ್ವಾಮಿ, ನಮ್ಮದು ಮರ್ಫಿ ಟೌನು, ಕೂಲಿ ಮಾಡೋರ ಬೀದಿ, ಇಂದಿರಾನಗರಕ್ಕೂ ನಮಗೂ ಏನು ಸಂಬಂಧ?" ಎಂದು ಕೈಮುಗಿದು ಕೇಳಿದ್ದನ್ನು ಅವನು ಮರೆತಿರಲಿಲ್ಲ. ಅದನ್ನೂ ಹೇಳಿದ. ಅಂದರೆ ತೆರಿಗೆ ಕಟ್ಟುವಾಗ ಮರ್ಫಿ ಟೌನು, ಕಾಗದ ಬರಲು ಹಲಸೂರು, ಬೀಗರಿಗೆ ಇಂದಿರಾನಗರ. ಅವನ ಮೂರು ರೇಟಿನ ಪಟ್ಟಿ ತಯಾರಾದದ್ದು ನನ್ನ ಬಾಳಿನಿಂದಲೇ ಇರಬೇಕು.

ಮಾತಿಲ್ಲದೆ ಮನೆಗೆ ಬಂದೆ. ಜಾಹೀರಾತು ಇದ್ದ ಹಾಗೇ ಇರಲಿ ಎಂದು ಬಿಟ್ಟೆ. ಒಳಗೊಳಗೇ ಇಪ್ಪತ್ತರ ಆಸೆಯೂ ಚಿಗುರಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇಪ್ಪತ್ತಕ್ಕೆ ತಕ್ಕ ಜನ ಬಂದರು. ಒಬ್ಬ ಹುಡುಗ ಎರಡೂವರೆ ಅಡಿಯ ಮೆಟ್ಟಿಲ ಬುಡದಲ್ಲಿ ನಿಂತು "ಲಿಫ್ಟ್ ಎಲ್ಲಿ ಅಂಕಲ್?" ಎಂದ. ಇನ್ನೊಬ್ಬರು ಕಾರ್ ಪಾರ್ಕಿಂಗ್ ಕೇಳಿದರು. ನಮ್ಮ ಗಲ್ಲಿಯಲ್ಲಿ ಎದುರುಬದುರಾದ ಎರಡು ಸ್ಕೂಟರುಗಳೇ ಪರಸ್ಪರ ಒಪ್ಪಂದವಾಗದೆ ದಾಟುವುದಿಲ್ಲ. ಮತ್ತೊಬ್ಬಾಕೆ ಅಡುಗೆಮನೆಗೆ ಇಣುಕಿ, "ಇದು ಸ್ಟೋರ್ ರೂಮಾ? ಕಿಚನ್ ತೋರಿಸಿ" ಎಂದಳು. ಎರಡು ತಿಂಗಳು ಮನೆ ಖಾಲಿ ಬಿದ್ದಿತು. ಹಳೇ ಬಾಡಿಗೆಯವರು ವಾರಕ್ಕೊಮ್ಮೆ ಫೋನ್ ಮಾಡಿ, ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು ಮಿಕ್ಕದ್ದು ಕೊಡಿ ಸಾರ್ ಎಂದು ವಿನಯದಿಂದ ಕೊಲ್ಲುತ್ತಿದ್ದರು.

ಆಗ ಬ್ರೋಕರಣ್ಣ ಪ್ಲೇಟು ಬದಲಿಸಿದ. "ಸಾರ್, ಮಾರ್ಕೆಟ್ ಬಿದ್ದೋಗಿದೆ. ಹದಿನಾಲ್ಕಕ್ಕೆ ಬಿಟ್ಬಿಡಿ." ಈಗ ನಾನು ಬಿಗಿದುಕೊಂಡೆ. "ಇಂದಿರಾನಗರದ ಪಕ್ಕದ ಮನೆ ಹದಿನಾಲ್ಕಕ್ಕಾ? ಹದಿನೇಳಕ್ಕೆ ಒಂದು ರೂಪಾಯಿ ಕಮ್ಮಿ ಆದ್ರೂ ಕೊಡಲ್ಲ." ಎರಡು ತಿಂಗಳ ಹಿಂದೆ ಅವನು ಆಡಿದ ಮಾತು ನನ್ನ ಬಾಯಲ್ಲಿ, ನಾನು ಆಡಿದ್ದು ಅವನ ಬಾಯಲ್ಲಿ. ಅವನ ಲೆಕ್ಕ ಸರಳ. ಓನರಿಂದ ಒಂದು ತಿಂಗಳ ಬಾಡಿಗೆ, ಬಾಡಿಗೆಯವರಿಂದ ಒಂದು ತಿಂಗಳದ್ದು. ಮೂರು ಸಾವಿರ ಇಳಿದರೆ ಅವನಿಗೆ ಒಂದೇ ಸಲಕ್ಕೆ ಆರು ಸಾವಿರ ನಷ್ಟ, ನನಗೆ ಪ್ರತಿ ತಿಂಗಳೂ ಮೂರು ಸಾವಿರದ ನಷ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ವರ ಕೊಡಲು ತುದಿಗಾಲಲ್ಲಿ ನಿಂತಿದ್ದ, ದೇವರೇ ಹಟ ಹಿಡಿದಿದ್ದ.

ಆ ರಾತ್ರಿ ಹೆಂಡತಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಳು. "ಅಗ್ರಿಮೆಂಟು ಹನ್ನೊಂದು ತಿಂಗಳು. ಎರಡು ತಿಂಗಳು ಆಗಲೇ ಖಾಲಿ ಹೋಯ್ತು. ನಿಮ್ಮ ಹದಿನೇಳರ ಪ್ರಕಾರ ಇನ್ನೊಂಬತ್ತು ತಿಂಗಳಿಗೆ 1,53,000. ಮೊದಲ ದಿನವೇ ಹದಿನಾಲ್ಕಕ್ಕೆ ಕೊಟ್ಟಿದ್ರೆ ಹನ್ನೊಂದು ತಿಂಗಳಿಗೆ 1,54,000. ನಿಮ್ಮ ಸ್ವಾಭಿಮಾನಕ್ಕೆ ಒಂದು ಸಾವಿರ ಲಾಸು." ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಮಲಗಲು ಹೋದಳು.

ಮರುವಾರ ತಿಪಟೂರು ಕಡೆಯ ಒಬ್ಬ ಹುಡುಗ ಬಂದ. ಮೆಟ್ಟಿಲು ನೋಡಿ, "ನಮ್ಮೂರ ಅಟ್ಟದ ಏಣಿಗಿಂತ ವಾಸಿ ಸಾರ್" ಎಂದ. ಬ್ರೋಕರಣ್ಣ ಅವನ ಮುಂದೆಯೇ ಹದಿನಾಲ್ಕು ಎಂದ, ನಾನು ಹದಿನೇಳು ಎಂದೆ, ಇಬ್ಬರೂ ಹತ್ತು ನಿಮಿಷ ಕಿತ್ತಾಡಿದೆವು. ಹುಡುಗ ಅಷ್ಟರಲ್ಲಿ ನಲ್ಲಿ ತಿರುಗಿಸಿ ನೋಡಿ, ಕಿಟಕಿ ಹಾಕಿ ತೆಗೆದು, ಗೃಹಜ್ಯೋತಿಗೆ ಆರ್.ಆರ್. ನಂಬರ್ ಬೇರೆ ಇದೆಯಾ ಎಂದು ಹೆಂಡತಿಯಿಂದ ವಿಚಾರಿಸಿಕೊಂಡು ಬಂದು, "ಹದಿನೈದು ಸಾರ್, ಅಡ್ವಾನ್ಸ್ ಇವತ್ತೇ ಹಾಕ್ತೀನಿ" ಎಂದ. ಅಡ್ವಾನ್ಸ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನನ್ನ ತತ್ವಗಳೆಲ್ಲ ಮೆಟ್ಟಿಲಿಳಿದು ಹೋದವು.

ಬ್ರೋಕರೇಜಿಗೆ ಇನ್ನೊಂದು ಸುತ್ತಿನ ಜಗಳವಾಗಿ, ನನ್ನ ಪಾಲಿನದು ಅರ್ಧಕ್ಕೆ, ಏಳೂವರೆ ಸಾವಿರಕ್ಕೆ ನಿಂತಿತು. ಬೀಗದ ಕೈಯಿಂದ ಕೆಂಪು ದಾರ ಬಿಚ್ಚುತ್ತಿದ್ದ ಬ್ರೋಕರಣ್ಣನನ್ನು, "ಈ ಬಣ್ಣದ ಲೆಕ್ಕ ಏನಯ್ಯಾ?" ಎಂದು ಕೇಳಿದೆ. "ಹಸಿರು ಅಂದ್ರೆ ಒಳ್ಳೆ ಮನೆ. ನೀಲಿ ಅಂದ್ರೆ ಬ್ಯಾಚಲರ್ಸ್‌ಗೆ ಕೊಡ್ತಾರೆ ಅಂತ."

"ಕೆಂಪು?"

"ಮನೆ ಪರ್ವಾಗಿಲ್ಲ, ಓನರ್ ಸ್ವಲ್ಪ ಕಿರಿಕ್ ಅಂತ ಸಾರ್."

ಹನ್ನೊಂದು ತಿಂಗಳ ಅಗ್ರಿಮೆಂಟು ಟೈಪಾಯಿತು. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕೆಂದು 1908ರ ಕಾಯ್ದೆ ಹೇಳುತ್ತದೆ. ಆದ್ದರಿಂದ ಈ ಊರಿನಲ್ಲಿ ಬಾಡಿಗೆಯವರಿಗೆ ವರ್ಷ ಎಂದೂ ತುಂಬುವುದಿಲ್ಲ. ವಿಳಾಸದ ಜಾಗದಲ್ಲಿ ನಾನು ಈ ಬಾರಿ ಎದೆಯುಬ್ಬಿಸಿ "ಮರ್ಫಿ ಟೌನ್" ಎಂದೇ ಬರೆಸಿದೆ. ಹುಡುಗ ತಲೆ ಕೆರೆದುಕೊಂಡ. "ಸಾರ್, ಬೇಜಾರು ಮಾಡ್ಕೋಬೇಡಿ, ಊರಲ್ಲಿ ಅಪ್ಪ ಅಮ್ಮಂಗೆ ಇಂದಿರಾನಗರ ಅಂತ ಹೇಳ್ಬಿಟ್ಟಿದ್ದೀನಿ."

ಮುಂದಿನ ಭಾನುವಾರ ಮಧ್ಯಾಹ್ನ ಹುಡುಗ ಹಾಲು ಉಕ್ಕಿಸಲು ಪಾತ್ರೆ ತರಲು ಹೋಗಿದ್ದಾಗ ನನ್ನ ಫೋನು ಬಡಿದುಕೊಂಡಿತು. ಅವನ ತಂದೆ. "ಓನರ್ರಾ? ನಮಸ್ಕಾರ. ನಾವು ಇಂದಿರಾನಗರ ಮೆಟ್ರೋದಾಗೆ ಇಳಿದೀವಿ. ಗೋಣಿಚೀಲದಾಗೆ ಕಾಯಿ ಐತೆ. ಇಲ್ಲೆಲ್ಲ ಕೇಳಿದ್ವಿ, ನಿಮ್ಮ ಬೀದಿ ಯಾರಿಗೂ ಗೊತ್ತಿಲ್ಲ ಅಂತಾರೆ."

"ಯಜಮಾನ್ರೇ, ಅಲ್ಲೇ ಇರಿ, ಎಲ್ಲೂ ಅಲ್ಲಾಡ್ಬೇಡಿ" ಎಂದೆ. "ನೀವಿರೋದು ನಿಜವಾದ ಇಂದಿರಾನಗರ. ನಮ್ಮದು ಬೇರೆ."

ಚಪ್ಪಲಿ ಮೆಟ್ಟಿಕೊಂಡು ಹೋಗಿ, ಗೋಣಿಚೀಲದ ಸಮೇತ ಇಬ್ಬರನ್ನೂ ಆಟೋ ಹತ್ತಿಸಿದೆ. ಡ್ರೈವರ್ ಎಲ್ಲಿಗೆ ಎಂದ. ಬಾಡಿಗೆ ಕೇಳುವವರು, ತೆರಿಗೆ ಕೇಳುವವರು, ಬೀಗರು ಯಾರೂ ಸುತ್ತಮುತ್ತ ಇರಲಿಲ್ಲ. ಆದರೂ ಅಭ್ಯಾಸಬಲದಿಂದ ಒಂದು ಕ್ಷಣ ಯೋಚಿಸಿ, ಆಮೇಲೆ "ಮರ್ಫಿ ಟೌನ್ ಮಾರ್ಕೆಟ್" ಎಂದೆ.