ಬಲವಂತ ಏನಿಲ್ಲ

(ಬೆಂಗಳೂರಿನ ಒಂದು ಸಿಗ್ನಲ್. ರಾತ್ರಿ ಹನ್ನೊಂದೂವರೆ. ಎಸ್‌ಐ, ಪೇದೆ, ಸ್ಕೂಟರಿನ ಹುಡುಗ. ಸ್ಕೂಟರಿನ ಕೀ ಪೇದೆಯ ಜೇಬಿನಲ್ಲಿ.)

ಎಸ್‌ಐ: ಜೇಬು ನೋಡ್ಬೇಕಪ್ಪ. ನೀನು ಒಪ್ಪಿದ್ರೆ ಮಾತ್ರ. ಬಲವಂತ ಏನಿಲ್ಲ.

ಹುಡುಗ: ಒಪ್ಪಲ್ಲ ಅಂದ್ರೆ, ಸಾರ್?

ಎಸ್‌ಐ: ಒಪ್ಪದೇ ಇರೋಕೆ ಅಂಥದ್ದೇನಿಟ್ಕೊಂಡಿದ್ದೀಯ?

ಹುಡುಗ: ಏನಿಲ್ಲ ಸಾರ್. ಗಾಂಜಾ ಅನುಮಾನ ಆದ್ರೆ ಎನ್‌ಡಿಪಿಎಸ್ ಕಾಯ್ದೆ 50ನೇ ಸೆಕ್ಷನ್ ಇದೆಯಲ್ಲ. ಗೆಜೆಟೆಡ್ ಅಧಿಕಾರಿ ಇಲ್ಲಾ ಮ್ಯಾಜಿಸ್ಟ್ರೇಟರ ಮುಂದೆ ಮೈ ತಪಾಸಣೆ ಆಗ್ಲಿ ಅಂತ ಕೇಳೋ ಹಕ್ಕು. ಆ ಹಕ್ಕಿದೆ ಅಂತ ನೀವೇ ತಿಳಿಸ್ಬೇಕು. 2010ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳೇ ಹೇಳಿದಾರೆ.

ಎಸ್‌ಐ: ತಿಳಿಸಿದ್ದೀವಲ್ಲ! ಏನ್ರೀ, ತೋರಿಸ್ರೀ.

(ಪೇದೆ ಅಚ್ಚು ಹಾಕಿಸಿದ ಹಾಳೆ ತೆಗೆದ: 'ನನಗೆ ಹಕ್ಕನ್ನು ತಿಳಿಸಲಾಗಿದ್ದು, ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತೇನೆ.' ಹೆಸರಿನ ಜಾಗ ಮಾತ್ರ ಖಾಲಿ. ಇಂಥ ಗದ್ಯಕ್ಕೆ ಅಕಾಡೆಮಿಯವರು ಇನ್ನೂ ಯಾಕೆ ಪ್ರಶಸ್ತಿ ಕೊಟ್ಟಿಲ್ಲವೋ!)

ಹುಡುಗ: ಮ್ಯಾಜಿಸ್ಟ್ರೇಟರ ಹತ್ರಾನೇ ಹೋಗೋಣ ಸಾರ್.

ಎಸ್‌ಐ: ಧಾರಾಳವಾಗಿ. ಬೆಳಗಿನ ತನಕ ಸ್ಟೇಷನ್ ಬೆಂಚಲ್ಲಿ ಕೂತಿರು. ಅದೂ ನಿನ್ನಿಷ್ಟವೇ.

ಪೇದೆ: ಸಾರ್, 50ನೇ ಸೆಕ್ಷನ್ ಮೈಗೆ ಮಾತ್ರ, ಬ್ಯಾಗಿಗಲ್ಲ. ಅದನ್ನೂ ಕೋರ್ಟೇ ಹೇಳಿದೆ.

ಎಸ್‌ಐ: ನೋಡಪ್ಪ, ನಾವೂ ಓದಿದ್ದೀವಿ. ಬ್ಯಾಗ್ ಕೊಡು. ಹಾಗೇ ಮೊಬೈಲ್ ಲಾಕ್ ತೆಗಿ, ವಾಟ್ಸಾಪ್ ನೋಡೋಣ.

ಹುಡುಗ: ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಪುಟ್ಟಸ್ವಾಮಿ ಕೇಸಲ್ಲಿ...

ಎಸ್‌ಐ: ಯಾವ ಪುಟ್ಟಸ್ವಾಮಿ? ನಮ್ಮ ಸ್ಟೇಷನ್ ಲಿಮಿಟ್ಸಲ್ಲಿ ಅಂಥ ಕೇಸಿಲ್ಲ.

ಹುಡುಗ: ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು ಸಾರ್.

ಎಸ್‌ಐ: (ಟೋಪಿ ಸರಿಮಾಡಿಕೊಂಡು) ಓ... ನಿಮಗೇನಾಗ್ಬೇಕು ಅವರು?

ಹುಡುಗ: ಏನೂ ಆಗ್ಬೇಕಿಲ್ಲ ಸಾರ್.

ಎಸ್‌ಐ: ಹಾಗಾದ್ರೆ ಸೈನ್ ಹಾಕೋ.