ಕ್ರಾಪ್ ರಾಯರು

ಪರಿಚಯವಾದ ಎರಡೇ ನಿಮಿಷಕ್ಕೆ ರಾಯರು ಕ್ಯಾಮೆರಾದ ಹಿಂಬದಿಯ ಪರದೆಯನ್ನು ನಿಮ್ಮ ಮೂಗಿಗೆ ಹಿಡಿಯುತ್ತಾರೆ. ಅಲ್ಲೊಂದು ಮರ, ಮರದ ತುಂಬ ಎಲೆ. "ಹಕ್ಕಿ ಎಲ್ಲಿ ಸಾರ್?" ಎಂದಿರೋ, ಸಿಕ್ಕಿಬಿದ್ದಿರಿ. ಅವರು ಕಾಯುತ್ತಿದ್ದದ್ದೇ ಆ ಪ್ರಶ್ನೆಗೆ. ಭೂತಗನ್ನಡಿಯ ಗುರುತಿರುವ ಗುಂಡಿಯನ್ನು ಟಕಟಕನೆ ಒತ್ತುತ್ತಾರೆ. ಎಲೆಗಳು ಹಿಗ್ಗುತ್ತವೆ, ಕೊಂಬೆಯೊಂದು ಬಂದು ಹೋಗುತ್ತದೆ, ಕೊನೆಗೆ ಹಸಿರಿನ ನಡುವೆ ಇನ್ನೊಂದು ಹಸಿರು ಬಂದು ನಿಲ್ಲುತ್ತದೆ. "ನೋಡಿ, ಕಣ್ಣು ಕಾಣುತ್ತೆ! ನಲವತ್ತೈದು ಮೆಗಾಪಿಕ್ಸೆಲ್ ಅಂದ್ರೆ ಇದು." ಅದು ಕಣ್ಣೋ ಎಲೆಯ ತೂತೋ ಎಂದು ನೀವು ತೀರ್ಮಾನಿಸುವಷ್ಟರಲ್ಲಿ ನಿಮ್ಮ ಬಸ್ಸು ಹೋಗಿರುತ್ತದೆ.

ಬೆಂಗಳೂರು, ಮೈಸೂರಿನ ಯಾವ ಬಡಾವಣೆಯಲ್ಲಿ ವಿಚಾರಿಸಿದರೂ ಇಂಥ ರಾಯರೊಬ್ಬರು ಸಿಗುತ್ತಾರೆ. ಬ್ಯಾಂಕಿನಿಂದ ಸ್ವಯಂನಿವೃತ್ತಿ, ಮೈತುಂಬ ಜೇಬಿರುವ ಖಾಕಿ ಅಂಗಿ, ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಅಲಾರಾಂ. ಮಗಳ ಮದುವೆ ಖರ್ಚು ಕಳೆದು ಉಳಿದ ದುಡ್ಡಿನಲ್ಲಿ 600 ಎಂಎಂ ಎಫ್‌4 ಲೆನ್ಸಿನ ಬೆಲೆ ಕೇಳಲು ಹೋಗಿದ್ದರಂತೆ. ಹತ್ತು ಲಕ್ಷ ದಾಟುತ್ತದೆ, ಮೂರು ಕಿಲೋ ತೂಗುತ್ತದೆ ಎಂದು ತಿಳಿದ ಗಳಿಗೆಯಲ್ಲೇ ಅವರಿಗೆ ಜ್ಞಾನೋದಯವಾಯಿತು: ಉದ್ದ ಲೆನ್ಸು ದಡ್ಡರಿಗೆ, ಬುದ್ಧಿವಂತರಿಗೆ ಮೆಗಾಪಿಕ್ಸೆಲ್. ಹಳೆಯ 400 ಎಂಎಂ ಲೆನ್ಸನ್ನೇ ಉಳಿಸಿಕೊಂಡು, 24 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಮಾರಿ 45ರದ್ದು ತಂದರು. ಅಂದಿನಿಂದ ಯಾವ ಪ್ರಶ್ನೆಗೂ ಒಂದೇ ಉತ್ತರ: "ಕ್ರಾಪ್ ಮಾಡಿದ್ರಾಯ್ತು ಬಿಡ್ರೀ."

ಅವರ ವಾದ ಪೂರ್ತಿ ಸುಳ್ಳೂ ಅಲ್ಲ, ಅದೇ ಕಷ್ಟ. 45 ಮೆಗಾಪಿಕ್ಸೆಲ್ ಚಿತ್ರದ ಅಂಚುಗಳನ್ನು ಒಂದೂವರೆ ಪಟ್ಟು ಕತ್ತರಿಸಿದರೆ 400ರ ಲೆನ್ಸು 600ರಷ್ಟು ತೋರಿಸುತ್ತದೆ, ಕೈಯಲ್ಲಿ ಸುಮಾರು 20 ಮೆಗಾಪಿಕ್ಸೆಲ್ ಉಳಿಯುತ್ತದೆ. ಮನೆಯ 4ಕೆ ಟೀವಿಗೆ ಬೇಕಾದ್ದು ಎಂಟೇ ಚಿಲ್ಲರೆ. ಇಷ್ಟಕ್ಕೆ ನಿಲ್ಲಿಸಿದ್ದರೆ ರಾಯರಿಗೆ ಶಾಲು ಹೊದಿಸಬಹುದಿತ್ತು.

ಆದರೆ ಮಿಂಚುಳ್ಳಿ ಇದೆಯಲ್ಲ! 17 ಸೆಂಟಿಮೀಟರಿನ ಹಕ್ಕಿ, 20 ಮೀಟರ್ ದೂರದ ಕಡ್ಡಿಯ ಮೇಲೆ ಕೂತಿದೆ ಅನ್ನಿ. 400ರ ಲೆನ್ಸು ಅದನ್ನು ಸೆನ್ಸರಿನ ಮೇಲೆ ಮೂಡಿಸುವುದು 3.4 ಮಿಲಿಮೀಟರ್ ಉದ್ದಕ್ಕೆ, ಒಂದು ಎಳ್ಳುಕಾಳಿನಷ್ಟು. ಸೆನ್ಸರು ಯಾವುದೇ ಇರಲಿ, ಎಳ್ಳು ಎಳ್ಳೇ. 24ರ ಕ್ಯಾಮೆರಾದಲ್ಲಿ ಆ ಎಳ್ಳಿನ ಉದ್ದಕ್ಕೆ ಸುಮಾರು 570 ಚುಕ್ಕೆ ಬೀಳುತ್ತಿದ್ದವು, 45ರದ್ದರಲ್ಲಿ 780. ಮೆಗಾಪಿಕ್ಸೆಲ್ ಹೆಚ್ಚುಕಡಿಮೆ ಇಮ್ಮಡಿಯಾದರೂ ಹಕ್ಕಿಯ ಪಾಲಿಗೆ ಬಂದದ್ದು ಮೂರರಲ್ಲೊಂದು ಭಾಗ ಹೆಚ್ಚುವರಿ. ಹಳೆ ಕ್ಯಾಮೆರಾಕ್ಕೇ 550ರ ಲೆನ್ಸು ಹಾಕಿದ್ದರೂ ಇಷ್ಟೇ ಸಿಗುತ್ತಿತ್ತು. 24ರ ಕ್ಯಾಮೆರಾಕ್ಕೆ 800ರ ಲೆನ್ಸು ಸಿಕ್ಕಿಸಿದವನ ಸಮಕ್ಕೆ ನಿಲ್ಲಲು ರಾಯರಿಗೆ 96 ಮೆಗಾಪಿಕ್ಸೆಲ್ ಬೇಕು. ಲೆನ್ಸು ಎರಡು ಪಟ್ಟಾದರೆ ಹಕ್ಕಿ ಅಗಲಕ್ಕೂ ಎತ್ತರಕ್ಕೂ ಬೆಳೆಯುತ್ತದೆ, ಹಾಗಾಗಿ ಪಿಕ್ಸೆಲ್ಲು ನಾಲ್ಕು ಪಟ್ಟು. ಅಥವಾ, ಹಕ್ಕಿ ಹಾರಿಹೋಗದಂತೆ ಹತ್ತು ಮೀಟರ್ ಮುಂದೆ ನಡೆಯಬೇಕು. ಅದು ಪುಕ್ಕಟೆ.

ಇಷ್ಟು ವರ್ಷ ಬಡ್ಡಿ ಲೆಕ್ಕ ಹಾಕಿದ ರಾಯರಿಗೆ ಈ ಲೆಕ್ಕ ಬಾರದೆಂದಲ್ಲ. "ಅದೆಲ್ಲ ಪುಸ್ತಕದ ಮಾತು" ಎನ್ನುತ್ತಾರೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು ರೋಲಿಗೆ 36ರಂತೆ ಎಣಿಸಿ ಕ್ಲಿಕ್ಕಿಸುತ್ತ, ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಕಾದದ್ದನ್ನು ನೆನೆದರೆ ರಾಯರಿಗೆ ಮರುಕ. ಪಾಪ, ಕ್ರಾಪ್ ಮಾಡಬಹುದಿತ್ತು!

ರಾಯರನ್ನು ರಂಗನತಿಟ್ಟಿನ ದೋಣಿಯಲ್ಲಿ ನೋಡಬೇಕು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ. ಕೊಕ್ಕರೆಗಳು ಮನುಷ್ಯರಿಗೆ ಎಷ್ಟು ಒಗ್ಗಿವೆಯೆಂದರೆ ದೋಣಿ ಪಕ್ಕದಲ್ಲೇ ಹಾದರೂ ಕದಲುವುದಿಲ್ಲ. ಒಮ್ಮೆ ಎದುರು ಸೀಟಿನಲ್ಲಿ 600ರ ಲೆನ್ಸಿನ ಸಾಹುಕಾರರೊಬ್ಬರು ಕೂತಿದ್ದರು. ಹೆಜ್ಜಾರ್ಲೆ ಇಷ್ಟು ಹತ್ತಿರ ಬಂದರೆ ಕೊಕ್ಕು ಮಾತ್ರ ಹಿಡಿಸುತ್ತದೆ ಎಂದು ಅವರ ಗೊಣಗಾಟ. ನಡುಗಡ್ಡೆಯ ಆಚೆ ತುದಿಯಲ್ಲಿ ಮಿಂಚುಳ್ಳಿ ಕಂಡಿತು. ದೋಣಿಯವನು ಹುಟ್ಟು ತಡೆದು, "ಇನ್ನೊಸಿ ಹತ್ರುಕ್ಕೆ ಬುಡ್ಲಾ ಸಾ?" ಎಂದ.

"ಬೇಡಪ್ಪಾ. ನಲವತ್ತೈದು ಮೆಗಾಪಿಕ್ಸೆಲ್ ಇದೆ."

"ಮೊನ್ನೆ ಬಂದೋರ್‍ದು ಅರವತ್ತೊಂದು ಅಂತಿದ್ರು ಸಾ. ಅವ್ರೂ ಹತ್ರುಕ್ಕೇ ಬುಡು ಅಂದ್ರು."

ರಾಯರ ಮುಖ ಬಾಡಿತು. ಹತ್ತಿರ ಹೋಗುವ ಮಾತು ಅವರ ಕಿವಿಗೆ ಬಿದ್ದಂತಿರಲಿಲ್ಲ. ಅರವತ್ತೊಂದು ಎಂಬುದಷ್ಟೇ ಬಿದ್ದಿತ್ತು. ದಡಕ್ಕೆ ಬರುವುದರೊಳಗೆ ಫೋನಿನಲ್ಲಿ ಅದರ ಬೆಲೆ ನೋಡಿಯಾಗಿತ್ತು.

ತೆಗೆದ ಚಿತ್ರಗಳ ಗತಿ? ರಾ ಕಡತ ಒಂದೊಂದೂ 50 ಎಂಬಿ ಆಸುಪಾಸು. ಸಾವಿರ ಕ್ಲಿಕ್ಕಿಸಿದ ಭಾನುವಾರ ಎಂದರೆ 50 ಜಿಬಿ. ಮನೆಯ ಬೀರುವಿನಲ್ಲಿ ಸೀರೆಗಳನ್ನು ಸರಿಸಿ ಹಾರ್ಡ್ ಡಿಸ್ಕುಗಳು ಕೂತಿವೆ. ಅಷ್ಟರಲ್ಲಿ ಆರಿಸಿದ ಒಂದನ್ನು, ಎಳ್ಳಷ್ಟೇ ಉಳಿಯುವಂತೆ ಕತ್ತರಿಸಿ, ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ವಾಟ್ಸಾಪು ಅದನ್ನು ಇನ್ನಷ್ಟು ಹಿಂಡುತ್ತದೆ. ತಂಗಿಯ ಪ್ರತಿಕ್ರಿಯೆ ಒಂದೇ ಸಾಲು: "ಗಿಳಿ ಚೆನ್ನಾಗಿದೆ ಅಣ್ಣಾ."

ಇಷ್ಟಾದರೂ ರಾಯರು ಗೆಲ್ಲುವ ಜಾಗ ಒಂದಿದೆ. ನಮ್ಮ ರಾಜ್ಯದ ಹಲವು ಸಫಾರಿ ತಾಣಗಳ ಕೌಂಟರಿನಲ್ಲಿ ಕ್ಯಾಮೆರಾ ಶುಲ್ಕ ವಸೂಲಿ ಮಾಡುವುದು ಲೆನ್ಸಿನ ಉದ್ದ ನೋಡಿ. ಉದ್ದ ಹೆಚ್ಚಿದಂತೆ ದರವೂ ಹೆಚ್ಚು. ಮೆಗಾಪಿಕ್ಸೆಲ್ಲಿಗೆ ಇನ್ನೂ ಶುಲ್ಕವಿಲ್ಲ.