ಅಡಿಕೆಗೆ ಹೋದ ಮಾನ: ಬಯಾನ್ ಲೆಪಾಸಿನಲ್ಲಿ ನಡೆಸಿದ ಒಂದು ಕ್ಷೇತ್ರಕಾರ್ಯ

‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂದು ಕನ್ನಡಿಗರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಆದರೆ ಒಂದು ಅಡಿಕೆಗೆ ಎಷ್ಟು ಮಾನ ಹೋಗುತ್ತದೆ, ಆ ಅಡಿಕೆ ಚಾಲಿಯೋ ರಾಶಿಯೋ, ಆನೆಯನ್ನು ಕೊಡುವವರು ಯಾರು, ಕೊಟ್ಟರೆ ಸಾಗಾಟದ ಖರ್ಚು ಯಾರ ತಲೆಗೆ ಎಂಬ ಮೂಲಭೂತ ಪ್ರಶ್ನೆಗಳನ್ನು ಯಾವ ವಿದ್ವಾಂಸರೂ ಎತ್ತಿಕೊಂಡಂತಿಲ್ಲ. ಮಾನ ಎಂದರೆ ಮರ್ಯಾದೆಯೂ ಹೌದು, ಅಳತೆಯೂ ಹೌದು. ಹೆಸರಿನಲ್ಲೇ ಅಳತೆಯನ್ನು ಹೊತ್ತ ವಸ್ತುವನ್ನು ಈವರೆಗೆ ಅಳೆಯದೆ ಬಿಟ್ಟಿರುವುದು ನಮ್ಮ ವಿದ್ವತ್ಪರಂಪರೆಗೆ ಶೋಭೆಯಲ್ಲ. ಆ ಕೊರತೆಯನ್ನು ಪ್ರಸ್ತುತ ಪ್ರಬಂಧವು ಒಂಬತ್ತೇ ದಿನಗಳಲ್ಲಿ, ಹೆಂಡತಿಯ ತಮ್ಮನ ಖರ್ಚಿನಲ್ಲಿ, ತುಂಬಿಕೊಡುತ್ತದೆ.

ಕ್ಷೇತ್ರದ ಆಯ್ಕೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಮಲೇಷ್ಯಾದ ಪೆನಾಂಗ್ ದ್ವೀಪಕ್ಕೆ ಮಲಯ ಭಾಷೆಯಲ್ಲಿ ಪುಲಾವ್ ಪಿನಾಂಗ್ ಎನ್ನುತ್ತಾರೆ. ಈ ಪುಲಾವ್ ಊಟದ್ದಲ್ಲ, ದ್ವೀಪ ಎಂದರ್ಥ. ಪಿನಾಂಗ್ ಎಂದರೆ ಸಾಕ್ಷಾತ್ ಅಡಿಕೆ. 1786ರಲ್ಲಿ ಇಲ್ಲಿ ಬಂದಿಳಿದ ಫ್ರಾನ್ಸಿಸ್ ಲೈಟ್ ಎಂಬ ಆಂಗ್ಲ ವ್ಯಾಪಾರಿ ತನ್ನ ದೇಶದ ಯುವರಾಜನ ಬಿರುದನ್ನೇ ದ್ವೀಪಕ್ಕೆ ಇಟ್ಟು ನೋಡಿದ. ಯುವರಾಜ ಉದುರಿದ, ಅಡಿಕೆ ಉಳಿಯಿತು. ಇವತ್ತಿಗೂ ಪೆನಾಂಗ್ ರಾಜ್ಯದ ಬಾವುಟದ ನಡುವೆ ಅಡಿಕೆ ಮರ ನಿಂತಿದೆ. ಶಿರಸಿ, ಸಾಗರ, ತೀರ್ಥಹಳ್ಳಿ, ಪುತ್ತೂರುಗಳಲ್ಲಿ ಇಷ್ಟು ಅಡಿಕೆ ಬೆಳೆದೂ ನಮ್ಮವರಿಗೆ ಹೊಳೆಯದ ಗೌರವ ಇದು.

ದ್ವೀಪದ ಆಗ್ನೇಯ ಮೂಲೆಯಲ್ಲಿ ಬಯಾನ್ ಲೆಪಾಸ್ ಇದೆ. ಬಯಾನ್ ಎಂದರೆ ಗಿಣಿ. ಲೆಪಾಸ್ ಎಂದರೆ ಬಿಡಿಸಿಕೊಂಡು ಹೋದದ್ದು. ಹಾರಿಹೋದ ಗಿಣಿಯ ಊರಲ್ಲೇ ದ್ವೀಪದ ವಿಮಾನ ನಿಲ್ದಾಣ ಇರುವುದು ಆಕಸ್ಮಿಕವೆಂದು ನಾನು ನಂಬುವುದಿಲ್ಲ. 1972ರಲ್ಲಿ ಇಲ್ಲಿನ ಗದ್ದೆ ಬಯಲಿನಲ್ಲಿ ಮುಕ್ತ ಕೈಗಾರಿಕಾ ವಲಯ ಎದ್ದಿತು. ಅಮೆರಿಕದ ಹೊರಗೆ ಇಂಟೆಲ್‌ನ ಮೊದಲ ಕಾರ್ಖಾನೆ ಆದದ್ದೂ ಅದೇ ವರ್ಷ, ಇಲ್ಲೇ. ಆಮೇಲೆ ಚಿಪ್ಪುಗಳ ಹಿಂದೆ ಚಿಪ್ಪು, ಕಾರ್ಖಾನೆಗಳ ಹಿಂದೆ ಕಾರ್ಖಾನೆ. ಬೆಂಗಳೂರಿನ ಪಂಜರದಿಂದ ಹಾರಿದ ಗಿಣಿಗಳಲ್ಲಿ ನನ್ನ ಭಾವಮೈದುನನೂ ಒಂದು. ಅವನ ಫ್ಲ್ಯಾಟಿನಲ್ಲಿ ಎರಡೇ ಕೋಣೆ ಇದ್ದುದರಿಂದ ಸಂಶೋಧನಾ ತಂಡವನ್ನು ಹತ್ತಿರದ ಹೋಟೆಲೊಂದರಲ್ಲಿ ಇಳಿಸಲಾಯಿತು.

ತಂಡದಲ್ಲಿ ನಾಲ್ವರು. ನಾನು, ನನ್ನ ಹೆಂಡತಿ, ಅತ್ತೆ ಮತ್ತು ಪ್ರಬಂಧದ ಮುಖ್ಯ ಮಾಹಿತಿದಾರರಾದ ಮಾವ. ಮಾವನಿಗೆ ಎಪ್ಪತ್ನಾಲ್ಕು, ಶಿರಸಿ ಸೀಮೆಯ ಅಡಿಕೆ ತೋಟದವರು, ಸಕ್ಕರೆ ಕಾಯಿಲೆ, ಕವಳದ (ಎಲೆಯಡಿಕೆಯ) ಚಟ. ಹೊರಡುವಾಗಲೇ ತಪಾಸಣೆಯವರು ಅವರ ಕೈಚೀಲದಿಂದ ಅಡಕತ್ತರಿಯನ್ನು ತೆಗೆದಿಟ್ಟುಕೊಂಡರು. “ಅಡಿಕೆ ಬಿಟ್ಟರು, ಕತ್ತರಿ ಹಿಡಿದರು. ಕಳ್ಳನನ್ನು ಬಿಟ್ಟು ಸಾಕ್ಷಿಯನ್ನು ಹಿಡಿದ ಹಾಗಾಯ್ತು” ಎಂದರು ಮಾವ. ಹೀಗೆ ಸಂಚಿಯ ತುಂಬ ಇಡೀ ಅಡಿಕೆ, ಒಡೆಯಲು ಸಾಧನವಿಲ್ಲ ಎಂಬ ಸ್ಥಿತಿಯಲ್ಲಿ ನಾವು ಅಡಿಕೆ ದ್ವೀಪದಲ್ಲಿ ಇಳಿದೆವು. ಮುಂದಿನ ಅನಾಹುತಗಳಿಗೆಲ್ಲ ಈ ಕತ್ತರಿಯೇ ಮೂಲ ಎಂಬುದು ನನ್ನ ವಾದ.

ಮೊದಲು ಮಾಪನಗಳು. ರಿಂಗಿಟ್ಟನ್ನು ಸುಮಾರು 20 ರೂಪಾಯಿಗೆ ಹಿಡಿದೆವು. ಆದರೆ ಮಾವ ರೂಪಾಯಿಗೆ ನಿಲ್ಲುವವರಲ್ಲ. ಶಿರಸಿ ಮಾರುಕಟ್ಟೆಯಲ್ಲಿ ಅಡಿಕೆ ಎಂದರೆ ಒಂದೇ ಸರಕಲ್ಲ. ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕಟ್ಟಕಡೆಗೆ ಯಾರಿಗೂ ಬೇಡವಾದ ಕೋಕ. ಮಾವ ರಾಶಿಯನ್ನೇ ಆಧಾರವಾಗಿಟ್ಟುಕೊಂಡು ಕ್ವಿಂಟಲಿಗೆ 50,000 ಎಂದು ಲೆಕ್ಕ ಹಿಡಿದರು. ಆಗ ಒಂದು ರಿಂಗಿಟ್ ಎಂದರೆ 40 ಗ್ರಾಂ ರಾಶಿ, ಒಂದು ಚಿಕ್ಕ ಹಿಡಿ. ಎರಡೂವರೆ ರಿಂಗಿಟ್ಟಿನ ಚಹಾ ಕುಡಿದಾಗ ಅವರ ಕಣ್ಣ ಮುಂದೆ ಅಂಗಳದಲ್ಲಿ ಒಣಗುತ್ತಿರುವ ರಾಶಿಯಿಂದ 100 ಗ್ರಾಂ ಯಾರೋ ಎತ್ತಿಕೊಂಡು ಓಡುತ್ತಿದ್ದರು. ಮಾನದ ಅಳತೆಯನ್ನು ನಾನೇ ರೂಪಿಸಿದೆ: ಒಬ್ಬ ಅಪರಿಚಿತ ತಿರುಗಿ ನೋಡಿದರೆ ಒಂದು ಅಡಿಕೆ ಮಾನ ಹೋಯಿತು. ನಕ್ಕರೆ ಎರಡು. ಫೋನ್ ತೆಗೆದರೆ ಐದು.

ಪ್ರಥಮ ಪ್ರಯೋಗ ದಿನಸಿ ಅಂಗಡಿಯಲ್ಲಿ ನಡೆಯಿತು. ಮಲೇಷ್ಯಾದಲ್ಲಿ 2008ರಿಂದ ಒಂದು ಸೆನ್ ನಾಣ್ಯದ ಬಳಕೆ ನಿಂತು, ನಗದು ಬಿಲ್ಲಿನ ಮೊತ್ತವನ್ನು ಹತ್ತಿರದ ಐದು ಸೆನ್ನಿಗೆ ತಂದು ನಿಲ್ಲಿಸುತ್ತಾರೆ. ಕೊನೆಯ ಅಂಕಿ 1, 2 ಅಥವಾ 6, 7 ಆದರೆ ಗಿರಾಕಿಗೆ ಲಾಭ. 3, 4, 8, 9 ಆದರೆ ಅಂಗಡಿಗೆ. ಭಾವಮೈದುನ ಇದನ್ನು ಮಾತಿನ ಮಧ್ಯೆ ಹೇಳಿದ್ದೇ ತಪ್ಪಾಯಿತು. ಮಾವ ಕಾಗದ ಪೆನ್ನು ತೆಗೆದರು. ಬಿಲ್ಲು 2 ಅಥವಾ 7ಕ್ಕೆ ಮುಗಿಯುವಂತೆ ಸಾಮಾನು ಹೊಂದಿಸಿದರೆ ಪ್ರತಿ ಸಲವೂ ಎರಡು ಸೆನ್ ಉಳಿತಾಯ, ಅಂದರೆ ಸುಮಾರು ಮುಕ್ಕಾಲು ಗ್ರಾಂ ರಾಶಿ.

ಕೌಂಟರಿನಲ್ಲಿ ಮೊತ್ತ 3ಕ್ಕೆ ಮುಗಿಯಿತು. ಮಾವ ಸೋಪು ವಾಪಸು ಕೊಟ್ಟು ಬಿಸ್ಕತ್ತು ತಂದರು. 8 ಬಂತು. ಬಿಸ್ಕತ್ತು ಕೊಟ್ಟು ಉಪ್ಪು ತಂದರು. 4. ಹಿಂದಿನ ಸಾಲು ಬೆಳೆಯಿತು. ಕೌಂಟರಿನ ಹುಡುಗಿ ಮೊದಲು ನಕ್ಕಳು, ಆಮೇಲೆ ನಗುವುದನ್ನು ಬಿಟ್ಟಳು, ಕಡೆಗೆ ತಾನೇ ಒಂದು ಪೆಪ್ಪರಮಿಂಟಿನ ಪೊಟ್ಟಣ ಎತ್ತಿ ಯಂತ್ರಕ್ಕೆ ತೋರಿಸಿದಳು. 7! ಮಾವನ ಮುಖದಲ್ಲಿ ಅಡಿಕೆ ಟೆಂಡರಿನಲ್ಲಿ ಒಳ್ಳೆಯ ದರ ಸಿಕ್ಕ ದಿನದ ಕಳೆ. ಸಾಲಿನಲ್ಲಿ ಹನ್ನೊಂದು ಜನರಿದ್ದರು, ನಾಲ್ವರು ನಕ್ಕರು, ಒಬ್ಬ ಫೋನ್ ತೆಗೆದ, ಉಳಿದವರು ತಿರುಗಿ ನೋಡಿದರು. ಒಟ್ಟು ಹತ್ತೊಂಬತ್ತು ಅಡಿಕೆ ಮಾನ, ಮುಕ್ಕಾಲು ಗ್ರಾಂ ಲಾಭಕ್ಕೆ. ಆ ರಸೀದಿಯನ್ನು ನಾನು ಶಾಸನದಂತೆ ಕಾಪಾಡಿಟ್ಟಿದ್ದೆ. ಹಲ್ಮಿಡಿಯ ಕಲ್ಲು ಹದಿನೈದು ಶತಮಾನ ಬಾಳಿತು, ಈ ಕಾಗದದ ಅಕ್ಷರ ನಾಲ್ಕೇ ದಿನಕ್ಕೆ ಮಾಸಿಹೋಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಪೆನಾಂಗಿನಲ್ಲಿ 2011ರಿಂದ ಅಂಗಡಿಗಳವರು ಪ್ಲಾಸ್ಟಿಕ್ ಚೀಲವನ್ನು ಪುಕ್ಕಟೆ ಕೊಡುವುದಿಲ್ಲ. ಚೀಲಕ್ಕೆ ದುಡ್ಡು ಎಂದೊಡನೆ ಮಾವ ಹೆಗಲ ಮೇಲಿನ ಶಾಲನ್ನು ಕೌಂಟರಿನ ಮೇಲೆ ಹರವಿ, ಸಾಮಾನು ಸುರುವಿ, ನಾಲ್ಕು ಮೂಲೆ ಸೇರಿಸಿ, ಅಡಿಕೆ ಕೊನೆ ಇಳಿಸುವ ಕೊನೆಗೌಡನ ಗಂಟು ಹಾಕಿದರು. ತೋಟದಲ್ಲಿ ಆ ಗಂಟು ಬಿಚ್ಚಿದ್ದನ್ನು ಯಾರೂ ಕಂಡಿಲ್ಲ. ಇಲ್ಲಿ ಮೇಲಕ್ಕೆ ಹೋಗುವ ಎಸ್ಕಲೇಟರಿನ ನಟ್ಟನಡುವೆ ಬಿಚ್ಚಿತು. ಒಂದು ಕಿಲೋ ನಿಂಬೆಹಣ್ಣು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯತೊಡಗಿದವು. ಮೆಟ್ಟಿಲು ಏರುತ್ತಿತ್ತು. ಇವು ಒಂದು ಇಳಿದರೆ ಅದು ಒಂದು ಎತ್ತುತ್ತಿತ್ತು. ಹಾಗಾಗಿ ಇಪ್ಪತ್ತು ನಿಂಬೆಹಣ್ಣು ಇದ್ದಲ್ಲೇ ಕುಣಿಯುತ್ತ, ಮೇಲೂ ಹೋಗದೆ ಕೆಳಗೂ ಬಾರದೆ, ಸುಮಾರು ಹೊತ್ತು ಅಂತರಾಳದಲ್ಲಿ ನಿಂತವು. ತ್ರಿಶಂಕು ಸ್ವರ್ಗವನ್ನು ಕಣ್ಣಾರೆ ಕಂಡ ಏಕೈಕ ಕನ್ನಡ ಸಂಶೋಧಕ ನಾನೇ ಇರಬೇಕು. ಈ ಸಂದರ್ಭದ ಮಾನವನ್ನು ಎಣಿಸಲು ಆಗಲಿಲ್ಲ. ನಾನೂ ನಗುತ್ತಿದ್ದೆ.

ಇನ್ನು ಕಾಫಿ. ಇಲ್ಲಿ ಕಾಫಿಗೆ ವ್ಯಾಕರಣವಿದೆ. ಅದು ನಮ್ಮ ಸಂಧಿಪ್ರಕರಣಕ್ಕೆ ಎಷ್ಟು ಹತ್ತಿರವೆಂದರೆ ಕೇಶಿರಾಜ ಪೆನಾಂಗಿನ ಕಾಫಿ ಅಂಗಡಿಯಲ್ಲಿ ಕೂತಿದ್ದರೆ ಒಂದು ಅಧ್ಯಾಯ ಹೆಚ್ಚಿಗೆ ಬರೆಯುತ್ತಿದ್ದ. ‘ಕೋಪಿ’ ಎಂಬುದು ಪ್ರಕೃತಿ. ಅದರಲ್ಲಿ ಡಬ್ಬಿಯ ಸಿಹಿ ಮಂದಹಾಲು ಸಹಜವಾಗಿಯೇ ಇರುತ್ತದೆ. ‘ಓ’ ಎಂಬ ಪ್ರತ್ಯಯ ಹತ್ತಿದರೆ ಹಾಲಿಗೆ ಲೋಪ, ಸಕ್ಕರೆ ಉಳಿಯುತ್ತದೆ. ‘ಸಿ’ ಹತ್ತಿದರೆ ಸಿಹಿ ಹಾಲಿನ ಜಾಗಕ್ಕೆ ಸಪ್ಪೆ ಹಾಲು ಆದೇಶವಾಗಿ ಬರುತ್ತದೆ, ಸಕ್ಕರೆ ಬೇರೆಯಾಗಿ ಬೀಳುತ್ತದೆ. ‘ಐಸ್’ ಎಂದರೆ ಮಂಜುಗಡ್ಡೆ ಆಗಮ. ಇವೆಲ್ಲದರ ಕೊನೆಗೆ ‘ಕೊಸೊಂಗ್’, ಅಂದರೆ ಸೊನ್ನೆ, ಎಂದು ಸೇರಿಸಿದರೆ ಮಾತ್ರ ಸಕ್ಕರೆಗೆ ಲೋಪ. ಸಕ್ಕರೆ ಕಾಯಿಲೆಯ ಮಾವನಿಗೆ ಸಾಧುರೂಪ ‘ಕೋಪಿ ಸಿ ಕೊಸೊಂಗ್’. ಭಾವಮೈದುನ ಮೂರು ಸಲ ಬಾಯಿಪಾಠ ಮಾಡಿಸಿದ. ಮಾವ ಅಂಗಡಿಗೆ ಹೋಗುವ ಹೊತ್ತಿಗೆ ಪ್ರಕೃತಿ ಮರೆತು ಪ್ರತ್ಯಯ ಉಳಿದಿತ್ತು. ಲೋಟ ತೋರಿಸಿ “ಕೊಸೊಂಗ್, ಕೊಸೊಂಗ್” ಎಂದರು. ಅಂಗಡಿಯ ಅಜ್ಜಿ ಒಂದು ಕ್ಷಣ ಅವರನ್ನು ನೋಡಿ, ತೊಳೆದ ಖಾಲಿ ಲೋಟವೊಂದನ್ನು ತಂದು ಗೌರವದಿಂದ ಮುಂದಿಟ್ಟರು. ಆಮೇಲೆ ಆ ಅಜ್ಜಿಯೇ ಅವರಿಗೆ ಪೂರ್ತಿ ವಾಕ್ಯವನ್ನು ಬೆರಳೆಣಿಸಿ ಕಲಿಸಿದರು. ಈ ಅಜ್ಜಿಯನ್ನು ಓದುಗರು ನೆನಪಿಡಬೇಕು.

ನನ್ನ ಪಾಲಿನ ಅವಮಾನವನ್ನೂ ಮುಚ್ಚಿಡಬಾರದು. ಮಲಯ ಭಾಷೆಯಲ್ಲಿ ಸಂಸ್ಕೃತದ ಪದಗಳು ಬೇಕಾದಷ್ಟಿವೆ. ಗಂಡನಿಗೆ ‘ಸುವಾಮಿ’ ಎನ್ನುತ್ತಾರೆ. ಇದನ್ನು ತಿಳಿದು ನಾನು ಹೆಂಡತಿಯ ಕಡೆ ಅರ್ಥಪೂರ್ಣವಾಗಿ ನೋಡಿದೆ, ಆಕೆ ನೋಡಲಿಲ್ಲ. ದಂಡಕ್ಕೆ ‘ದೆಂಡ’, ಬೆಲೆಗೆ ‘ಹರ್ಗ’. ಈ ನೆಂಟಸ್ತನದ ಧೈರ್ಯದಲ್ಲಿ ನಾನು ಒಂದು ಬೆಳಿಗ್ಗೆ ತಿಂಡಿ ಅಂಗಡಿಗಳ ಸಾಲಿನಲ್ಲಿ ಮಲಯ ಹೆಂಗಸೊಬ್ಬರ ಮುಂದೆ ನಿಂತು, ಹೊಸದಾಗಿ ಕಲಿತ ‘ಇದೆಯೇ’ ಎಂಬರ್ಥದ ಪದ ಸೇರಿಸಿ, “ದೋಸಾ ಅಡಾ?” ಎಂದೆ. ದೋಸೆಗೆ ಅಲ್ಲಿ ‘ತೋಸೈ’ ಎನ್ನುತ್ತಾರೆ. ‘ದೋಸಾ’ ಎಂದರೆ ನಮ್ಮ ದೋಷವೇ ಸಮುದ್ರ ದಾಟಿ ಪಾಪವಾದದ್ದು. ಅಂದರೆ ನಾನು ಬೆಳಗಾಗೆದ್ದು ಪರಸ್ತ್ರೀಯ ಮುಂದೆ ನಿಂತು ‘ಪಾಪ ಇದೆಯಾ?’ ಎಂದು ಕೇಳಿದ್ದೆ. ಆಕೆ ಬಾಯಿಗೆ ಸೆರಗಿನಂಥದ್ದನ್ನು ಒತ್ತಿಕೊಂಡು ಏನೋ ಹೇಳಿದರು. ಭಾವಮೈದುನ ಅನುವಾದಿಸಿದ: “ಎಲ್ಲರಲ್ಲೂ ಇದೆ ಅಂತಾರೆ, ಭಾವ.” ನಾನು ಇಂಗ್ಲಿಷಿನವರ ಬಾಯಲ್ಲಿ ಸಿಕ್ಕು ಬಾಲ ಕಳೆದುಕೊಂಡ ‘ದೋಸಾ’ವನ್ನು ಬಿಟ್ಟು ಅಚ್ಚಗನ್ನಡದಲ್ಲಿ ‘ದೋಸೆ’ ಎಂದಿದ್ದರೆ ಆಕೆಗೆ ಅರ್ಥವೂ ಆಗುತ್ತಿರಲಿಲ್ಲ, ನನಗೆ ಅವಮಾನವೂ ಆಗುತ್ತಿರಲಿಲ್ಲ. ಎಕಾರಕ್ಕೆ ಇಷ್ಟು ಬೆಲೆ ಇದೆಯೆಂದು ನಮ್ಮ ವೈಯಾಕರಣರು ಹೇಳಿಕೊಟ್ಟಿಲ್ಲ.

ಡುರಿಯನ್ ಹಣ್ಣಿನ ಅಧ್ಯಾಯವನ್ನು ಹೋಟೆಲಿನವರು ನಮ್ಮಿಂದ ಬರೆಸಿಕೊಂಡ ಮುಚ್ಚಳಿಕೆಯ ಪ್ರಕಾರ ಖಾಲಿ ಬಿಟ್ಟಿದೆ.

ಈಗ ವಿವಾದಾಸ್ಪದ ಪಾಠಕ್ಕೆ ಬರೋಣ. ‘ಅಸಮ್ ಲಕ್ಸಾ’ ಎಂಬುದು ಪೆನಾಂಗಿನ ಪ್ರಸಿದ್ಧ ತಿನಿಸು. ದಪ್ಪ ಅಕ್ಕಿಶಾವಿಗೆಯನ್ನು ಹುಳಿಸಾರಿನಲ್ಲಿ ಮುಳುಗಿಸಿದ್ದು. ಮಾವ ಬಟ್ಟಲಿನ ಹಬೆಗೆ ಮೂಗು ಹಿಡಿದು “ಉಪ್ಪಾಗೆ!” ಎಂದು ಕೂಗಿದರು. ತಪ್ಪೇನಿಲ್ಲ. ಅದಕ್ಕೆ ಹಾಕುವ ಒಣಗಿಸಿದ ಹುಳಿಹೋಳು ನಮ್ಮ ಉಪ್ಪಾಗೆಯ ದಾಯಾದಿ, ಒಂದೇ ಕುಲದ ಮರ. ತವರಿನವರು ಸಿಕ್ಕಂತಾಯಿತು. ಮೇಲೆ ಒಂದು ಚಮಚ ಕಪ್ಪಗೆ, ಅಂಟಂಟಾಗಿ, ಹೊಳೆಯುತ್ತ ಏನೋ ಇತ್ತು. “ಜೋನಿಬೆಲ್ಲ” ಎಂದರು, ಇನ್ನೊಂದು ಚಮಚ ಹಾಕಿಸಿಕೊಂಡರು. ಸಕ್ಕರೆ ಕಾಯಿಲೆ ಆಗ ನೆನಪಾಗಲಿಲ್ಲ. ಸಸ್ಯಾಹಾರಿ ಮಾವ ಹಾಕಿಸಿಕೊಂಡದ್ದು ಸಿಗಡಿಯಿಂದ ಮಾಡಿದ ಗಟ್ಟಿರಸ. ಸಾರಿಗೆ ಆ ಮಂದ ಬಂದದ್ದು ಬೇಯಿಸಿ ಬಿಡಿಸಿದ ಬಂಗುಡೆಯಿಂದ. ಭಾವಮೈದುನ ಗಾಡಿ ನಿಲ್ಲಿಸಿ ಬರುವಷ್ಟರಲ್ಲಿ ಏನು ನಡೆಯಿತೆಂಬ ಬಗ್ಗೆ ಮೂರು ಪಾಠಾಂತರಗಳಿವೆ. ಮಾವನ ಪ್ರತಿಯ ಪ್ರಕಾರ ತುಟಿಗೆ ಸೋಕಿತು, ಅಷ್ಟೆ. ಅತ್ತೆಯ ಪ್ರತಿಯ ಪ್ರಕಾರ ಎರಡು ಚಮಚ. ಮೂರನೆಯದು ಬಟ್ಟಲು, ಅದರ ತಳದಲ್ಲಿ ಹೂವಿನ ಚಿತ್ರವಿತ್ತೆಂದು ನಾವೆಲ್ಲರೂ ಬಲ್ಲೆವು. ಗ್ರಂಥಸಂಪಾದನೆಯ ನಿಯಮದಂತೆ ಕ್ಲಿಷ್ಟಪಾಠವನ್ನೇ ಸ್ವೀಕರಿಸಬೇಕಾಗಿರುವುದರಿಂದ, ಅಳಿಯನಾದ ನಾನು ‘ಸೋಕಿತು’ ಎಂಬುದನ್ನೇ ಉಳಿಸಿಕೊಂಡಿದ್ದೇನೆ. ಮರುದಿನ ಮಾವ ತಾವಾಗಿಯೇ ಹಾವಿನ ಗುಡಿಗೆ ಹೋಗೋಣವೆಂದದ್ದು ಪ್ರಾಯಶ್ಚಿತ್ತಕ್ಕೋ ಪ್ರವಾಸಕ್ಕೋ ತಿಳಿಯದು.

ಬಯಾನ್ ಲೆಪಾಸಿನ ಈ ಚೀನೀ ಗುಡಿಯಲ್ಲಿ ಹಸಿರು ಮಂಡಲದ ಹಾವುಗಳು ಕಡ್ಡಿಗಳ ಮೇಲೆ ಸುಮ್ಮನೆ ಸುತ್ತಿಕೊಂಡಿರುತ್ತವೆ, ಗಂಟೆಗಟ್ಟಲೆ ಅಲುಗದೆ. ಮಾವ “ರಬ್ಬರಿನವು” ಎಂದು ತೀರ್ಪು ಕೊಟ್ಟ ಕೂಡಲೇ ಒಂದು ನಾಲಿಗೆ ಚಾಚಿತು. ಗಾಬರಿಯಲ್ಲಿ ಅವರಿಗೆ ನಾಗರಪಂಚಮಿ ನೆನಪಾಗಿ, ಹಾಲೆರೆಯಬೇಕೆಂದು ಹಟ ಹಿಡಿದರು. ಪಕ್ಕದ ಅಂಗಡಿಗೆ ಅತ್ತೆಯನ್ನು ಕಳಿಸಿದೆವು. ಮಲಯದಲ್ಲಿ ಹಾಲಿಗೆ ‘ಸುಸು’ ಎನ್ನುತ್ತಾರೆಂದು ಹೇಳಿಕೊಟ್ಟೆವು. ನಾಲ್ಕು ಮೊಮ್ಮಕ್ಕಳನ್ನು ಸಾಕಿದ ಅತ್ತೆ ಅಂಗಡಿಯವನ ಮುಂದೆ ಆ ಪದ ಆಡಲು ಸುತರಾಂ ಒಪ್ಪದೆ ಬರಿಗೈಲಿ ಮರಳಿದರು. ಹಾವು ಹಾಲು ಕುಡಿಯುವುದಿಲ್ಲವಾದ್ದರಿಂದ ಯಾರಿಗೂ ನಷ್ಟವಾಗಲಿಲ್ಲ.

ಕೊನೆಯ ಸಂಜೆ. ಎಂಟು ದಿನ ಕವಳವಿಲ್ಲದೆ ಮಾವನ ಬಾಯಿ ಬಣಗುಟ್ಟಿತ್ತು. ಬಾವುಟದಲ್ಲಿ ಅಡಿಕೆ ಇರುವ ನಾಡಿನ ಈ ಮೂಲೆಯಲ್ಲಿ ನಮ್ಮ ಕಣ್ಣಿಗೆ ಬಿದ್ದವರು ಯಾರೂ ಅಡಿಕೆ ಜಗಿಯುತ್ತಿರಲಿಲ್ಲ. ಒಡೆಯಲಾಗದ ಅಡಿಕೆಯನ್ನು ವಾಪಸು ಹೊತ್ತು ಏನು ಮಾಡುವುದು? ಕಾಫಿಯ ವ್ಯಾಕರಣ ಕಲಿಸಿದ ಅಜ್ಜಿಗೆ ಗುರುದಕ್ಷಿಣೆ ಕೊಡಬೇಕೆಂದು ಅವರಿಗೆ ಹೊಳೆಯಿತು. ಸಂಚಿಯಿಂದ ಬಾಡಿದ ವೀಳ್ಯದೆಲೆ ತೆಗೆದು, ಅದರ ಮೇಲೆ ಎರಡು ಅಡಿಕೆ ಇಟ್ಟು, ಶಾಲು ಸರಿಪಡಿಸಿಕೊಂಡು, ಬಗ್ಗಿ, ಎರಡೂ ಕೈಯಿಂದ ಕೊಟ್ಟರು. ಶಿರಸಿಯ ಯಾವ ಮದುವೆ ಮನೆಯಲ್ಲೂ ಇಷ್ಟು ಶಾಸ್ತ್ರೋಕ್ತವಾಗಿ ವೀಳ್ಯ ಕೊಟ್ಟದ್ದನ್ನು ನಾನು ನೋಡಿಲ್ಲ.

ಅಜ್ಜಿ ಎಲೆಯನ್ನು ನೋಡಿದರು, ಅಡಿಕೆ ನೋಡಿದರು, ಮಾವನನ್ನು ನೋಡಿದರು. ಪಕ್ಕದ ಮೇಜಿನ ಮುದುಕ “ಮೆಮಿನಾಂಗ್!” ಎಂದು ಕೂಗಿದ. ಇಡೀ ಅಂಗಡಿ ಚಪ್ಪಾಳೆ ತಟ್ಟಿತು. ಭಾವಮೈದುನ ತಲೆ ತಗ್ಗಿಸಿ ವಿವರಿಸಿದ: ಪಿನಾಂಗ್ ಎಂದರೆ ಅಡಿಕೆ, ಅದರಿಂದಲೇ ಆದ ಕ್ರಿಯಾಪದ ಮೆಮಿನಾಂಗ್, ಅರ್ಥ, ಹೆಣ್ಣು ಕೇಳುವುದು. ಜಗಿಯುವುದು ಕಡಿಮೆಯಾದರೂ ಪದ ಉಳಿದಿದೆ. ಚೆನ್ನಾಗಿ ಒಪ್ಪುವ ಜೋಡಿಯನ್ನು ಒಂದೇ ಅಡಿಕೆಯ ಎರಡು ಹೋಳಿಗೆ ಹೋಲಿಸುತ್ತಾರಂತೆ. ಅಡಕತ್ತರಿ ಇದ್ದಿದ್ದರೆ ಮಾವ ಹೋಳು ಮಾಡಿಯೇ ಕೊಡುತ್ತಿದ್ದರು, ಪರಿಸ್ಥಿತಿ ಇನ್ನೂ ಕೆಡುತ್ತಿತ್ತು; ಕತ್ತರಿಯ ಕುರಿತ ನನ್ನ ಮೂಲ ವಾದವನ್ನು ಇಲ್ಲಿ ಹಿಂದಕ್ಕೆ ಪಡೆಯುತ್ತೇನೆ. ಅಂಗಡಿಯಲ್ಲಿ ಮೂವತ್ತು ಜನ ನಗುತ್ತಿದ್ದರು, ಎಂಟು ಫೋನ್ ಮೇಲೆದ್ದಿದ್ದವು. ಬರೆದುಕೊಳ್ಳುತ್ತಿದ್ದ ನಾನು ನೂರಕ್ಕೆ ಪೆನ್ನು ಕೆಳಗಿಟ್ಟೆ.

ಅದೇ ಹೊತ್ತಿಗೆ ಅತ್ತೆ ಮತ್ತು ನನ್ನ ಹೆಂಡತಿ ಜಾಯಿಕಾಯಿ ಉಪ್ಪಿನಕಾಯಿಯ ಪೊಟ್ಟಣಗಳೊಂದಿಗೆ ಒಳಗೆ ಬಂದರು. ಮಗನಿಂದ ಸಂಗತಿ ಕೇಳಿದ ಅತ್ತೆ ಪೊಟ್ಟಣ ಕೆಳಗಿಟ್ಟು, ಅಜ್ಜಿಯ ಕೈಯಲ್ಲಿದ್ದ ಎಲೆಯ ಹತ್ತಿರ ಹೋಗಿ, ಎರಡೂ ಅಡಿಕೆಯನ್ನು ಬೆರಳಲ್ಲಿ ಹೊರಳಿಸಿ ನೋಡಿದರು.

“ಎರಡೂ ಒಳ್ಳೇ ರಾಶಿ” ಎಂದರು. “ನಲವತ್ತೆಂಟು ವರ್ಷದ ಹಿಂದೆ ನಮ್ಮಪ್ಪನ ಮನೆಗೆ ಬಂದಾಗ ತಂದದ್ದರಲ್ಲಿ ಒಂದು ಕೋಕ.”